ಬೆಳಗಿನ ಊತ

"ಮೊದಲು ಕಾಲು ಬಿಡಿ."

ಇಂದ್ರಾಣಿ ಹಲ್ಲು ಕಚ್ಚಿ ಹೇಳಿದಳು.

ಬಂಗಾರಪೇಟೆ ಜಂಕ್ಷನ್ನು. ಬೆಳಗಿನ ಒಂಬತ್ತೂವರೆಯ ಜನಸಂದಣಿ. ಅಷ್ಟು ಜನರ ಕಣ್ಣೆದುರಿಗೇ ಗುರುತು ಪರಿಚಯವಿಲ್ಲದ ಗಂಡಸೊಬ್ಬ ಅವಳ ಬಲಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಚಪ್ಪಲಿ ಬಿಚ್ಚಿ, ಕರ್ಚೀಫಿನಲ್ಲಿ ಐಸು ಕಟ್ಟಿ ಒತ್ತುತ್ತಿದ್ದ!

"ಬಿಡ್ತೀನಿ. ಹದಿನೈದು ನಿಮಿಷ ಆಗಲಿ," ಎಂದ ಅವನು, ತಲೆ ಎತ್ತದೆ.

ಆದದ್ದು ಇಷ್ಟೇ. ಇಂದ್ರಾಣಿ ಮೇಲ್ಸೇತುವೆಯ ಮೆಟ್ಟಿಲಿಳಿಯುತ್ತಾ ಫೋನು ನೋಡುತ್ತಿದ್ದಳು. ರೈಲ್ವೆ ಹಳಿ ನೋಡಿಕೊಳ್ಳುವ ಕೆಲಸಕ್ಕೆ ಬರೆದಿದ್ದ ಪರೀಕ್ಷೆಯ ಫಲಿತಾಂಶ ಬಂದಿತ್ತು. ಎರಡು ಸಲ ಬರೆದು ಎರಡು ಸಲವೂ ಕೈಕೊಟ್ಟಿದ್ದ ಪರೀಕ್ಷೆ. ಈ ಸಲ ಪಟ್ಟಿಯಲ್ಲಿ ಅವಳ ನಂಬರಿತ್ತು. ಆ ಸಂತೋಷದಲ್ಲಿ, ಇಳಿಯಲು ಇನ್ನೆರಡು ಮೆಟ್ಟಿಲು ಉಳಿದಿವೆ ಎಂಬುದೇ ಅವಳಿಗೆ ಮರೆತುಹೋಯಿತು. ಪಾದ ಒಳಕ್ಕೆ ಮಡಚಿಕೊಂಡು ಕುಸಿದಳು.

ಮಾರಿಕುಪ್ಪಂ ಕಡೆಯ ರೈಲಿನಿಂದ ಆಗಷ್ಟೇ ಇಳಿದವನು ಇವನು. ಅವಳ ಪಾದ ನೋಡಿದವನೇ ನಿಂಬೆ ಸೋಡಾ ಮಾರುವವನ ಡಬ್ಬಕ್ಕೆ ಕೈಹಾಕಿ ಐಸು ತಂದಿದ್ದ.

ಬೇರೆ ಹುಡುಗಿಯಾಗಿದ್ದರೆ ಅಳುತ್ತಿದ್ದಳು, ಇಲ್ಲವೇ ಬೈಯುತ್ತಿದ್ದಳು. ಇಂದ್ರಾಣಿ ಕೇಳಿದ್ದೇ ಬೇರೆ.

"ಐಸು ಯಾಕೆ? ಉಳುಕಿದ್ರೆ ಬಿಸಿ ಕೊಡ್ತಾರಲ್ವಾ?"

ಅವಳ ಸ್ವಭಾವವೇ ಹಾಗೆ ನೋಡಿ. ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳದು. ಸ್ವಂತ ಚಿಕ್ಕಪ್ಪ ಚಿಕ್ಕವೆಂಕಟಪ್ಪ ತಂದ ಹಾಲಿನಲ್ಲಿ ನೀರಿದೆ ಎಂದು ಎಲ್ಲರೆದುರು ವಾಪಸ್ ಕಳಿಸಿದ್ದವಳು. ಯಾವುದೇ ವಿಷಯಕ್ಕೆ 'ಯಾಕೆ' ಎಂದು ಗೊತ್ತಾಗದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅವನು ಈಗ ತಲೆ ಎತ್ತಿದ. ಸಣ್ಣಗೆ ಆಶ್ಚರ್ಯಪಟ್ಟ ಕಣ್ಣುಗಳು.

"ಐಸು ನೋವನ್ನ ಮಲಗಿಸುತ್ತೆ. ನೋವು ಮಲಗಿರೋ ಹೊತ್ತಲ್ಲಿ ಕಾಲಿಗೆ ಮತ್ತೆ ನಡೆಯೋದು ಕಲಿಸಬಹುದು."

ಆ ಉತ್ತರ ಅವಳಿಗೆ ಹಿಡಿಸಿತು. ಆದರೆ ಮರುಕ್ಷಣ ಅವಳ ಕಣ್ಣು ತುಂಬಿತು. ಇನ್ನು ಏಳು ವಾರಕ್ಕೆ ಮೈದಾನದ ಪರೀಕ್ಷೆ. ಇಪ್ಪತ್ತು ಕಿಲೋ ಭಾರ ಹೊತ್ತು ಎರಡು ನಿಮಿಷದಲ್ಲಿ ನೂರು ಮೀಟರ್ ನಡೆಯಬೇಕು. ಸಾವಿರ ಮೀಟರನ್ನು ಐದು ನಿಮಿಷ ನಲವತ್ತು ಸೆಕೆಂಡಿನೊಳಗೆ ಓಡಬೇಕು. ಒಂದೇ ಅವಕಾಶ, ಮತ್ತೊಮ್ಮೆ ಇಲ್ಲ. ಹಾಲಿನ ಕ್ಯಾನು ಎತ್ತಿ ಬೆಳೆದವಳಿಗೆ ಭಾರದ ಚಿಂತೆಯಿರಲಿಲ್ಲ. ಆದರೆ ಓಟ?

ತಡವರಿಸುತ್ತಾ ಇಷ್ಟನ್ನೂ ಹೇಳಿದಳು. ಅವನು ಬೆರಳು ಮಡಚಿ ವಾರಗಳನ್ನು ಎಣಿಸಿದ.

"ಮೂಳೆ ಮುರಿದಿಲ್ಲ ಅಂದ್ರೆ ಆಗುತ್ತೆ. ನಾನು ಹೇಳಿದಷ್ಟೇ ಮಾಡಬೇಕು. ಕಡಿಮೆಯೂ ಬೇಡ, ಜಾಸ್ತಿಯೂ ಬೇಡ."

ಅವನ ಹೆಸರು ವಿಜಯಕುಮಾರ್. ಬಂಗಾರಪೇಟೆಯ ಬಜಾರಿನಲ್ಲಿ, ಮೆಡಿಕಲ್ ಸ್ಟೋರಿನ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದ.

* * *

ಎಕ್ಸ್‌ರೇಯಲ್ಲಿ ಮೂಳೆ ಗಟ್ಟಿಯಾಗಿಯೇ ಇತ್ತು. ಕೀಲಿನ ಲಿಗಮೆಂಟು ಎಳೆದುಕೊಂಡು ಸ್ವಲ್ಪ ಹರಿದಿತ್ತು, ಅಷ್ಟೇ. ಬೆಳಗಿನ ಹಾಲು ಅಳೆದು ಮುಗಿಸಿ ದಿನಾ ಹನ್ನೊಂದು ಗಂಟೆಗೆ ಇಂದ್ರಾಣಿ ಆ ಮಹಡಿ ಹತ್ತತೊಡಗಿದಳು.

ಅಲ್ಲಿ ಅವಳಿಗಾಗಿ ಒಂದು ಬಕೆಟ್ ಕಾದಿರುತ್ತಿತ್ತು. ಅರ್ಧ ನೀರು, ಅರ್ಧ ಐಸು.

"ಮೊದಲು ತಣ್ಣಗಾಗುತ್ತೆ," ಎಂದ ಮೊದಲ ದಿನ. "ಆಮೇಲೆ ಉರಿಯುತ್ತೆ. ಆಮೇಲೆ ಒಳಗಿಂದ ಹಿಂಡಿದ ಹಾಗೆ ನೋವು. ಆಮೇಲೆ ಏನೂ ಇಲ್ಲ. ಆ 'ಏನೂ ಇಲ್ಲ' ಬಂದಾಗ ಹೇಳಿ."

ಅವನು ಹೇಳಿದ ಕ್ರಮದಲ್ಲೇ ಒಂದೊಂದೂ ಬಂತು. ಇಂದ್ರಾಣಿಗೆ ಅಚ್ಚರಿ. ಇಷ್ಟು ಸರಿಯಾಗಿ ಹೇಳಬೇಕಾದರೆ ಇವನು ತನ್ನ ಕಾಲನ್ನೂ ಇಟ್ಟು ನೋಡಿರಬೇಕು! ಕೇಳಿಯೇಬಿಟ್ಟಳು. ಹೌದು, ಎರಡೂ ಕಾಲು, ಹತ್ತಾರು ಸಲ ಎಂದ.

ಪಾದ ಮರಗಟ್ಟಿದ ಮೇಲೆ ಹೊರಗೆ ತೆಗೆದು ಮೂರು ನಿಮಿಷ ವ್ಯಾಯಾಮ. ಮತ್ತೆ ಐದು ನಿಮಿಷ ಬಕೆಟ್ಟು. ಮತ್ತೆ ವ್ಯಾಯಾಮ. ಹೀಗೆ ಐದು ಸುತ್ತು. ನೋವಾದರೆ ತಕ್ಷಣ ಹೇಳಬೇಕು, ತಡೆದುಕೊಂಡು ಮಾಡುವ ವ್ಯಾಯಾಮದಿಂದ ಕೇಡೇ ಹೆಚ್ಚು ಎಂದು ದಿನಾ ಒಂದು ಸಲವಾದರೂ ಎಚ್ಚರಿಸುತ್ತಿದ್ದ. ಮನೆಯಲ್ಲಿ ಕಾಲಿಗೆ ಬೇರೆ ಏನಾದರೂ ಮಾಡುತ್ತೀರಾ ಎಂದೂ ಕೇಳಿದ್ದ. ಏನೂ ಇಲ್ಲ ಎಂದಿದ್ದಳು.

ಮೊದಲ ವಾರದ ವ್ಯಾಯಾಮವೆಂದರೆ ಹೆಬ್ಬೆರಳಿನಲ್ಲಿ ಗಾಳಿಯ ಮೇಲೆ ಅಕ್ಷರ ಬರೆಯುವುದು. ಅ ಆ ಇ ಈ ಬರೆದು ಬೇಸರವಾಗಿ ಅವಳು ಹೆಸರುಗಳನ್ನು ಬರೆಯತೊಡಗಿದಳು. ಹಸುಗಳ ಹೆಸರು, ಸ್ಟೇಷನ್ನುಗಳ ಹೆಸರು. ಅವನು ಗಡಿಯಾರ ಹಿಡಿದು ಸೆಕೆಂಡು ಎಣಿಸುತ್ತಲೇ ಓದುತ್ತಿದ್ದ. ಒಂದು ದಿನ ಯಾವ ಯೋಚನೆಯಲ್ಲಿದ್ದಳೋ, 'ವಿಜಯ' ಎಂದು ಬರೆದುಬಿಟ್ಟಳು.

ಅವನ ಎಣಿಕೆ ತಪ್ಪಿತು.

ಕಾಲನ್ನು ಬೇಗನೆ ಬಕೆಟ್ಟಿಗಿಟ್ಟಳು. ಆ ದಿನ ತಣ್ಣೀರು ತಣ್ಣಗಿದೆ ಎಂದು ಗೊತ್ತಾಗಲಿಕ್ಕೇ ಅವಳಿಗೆ ಬಹಳ ಹೊತ್ತು ಹಿಡಿಯಿತು.

ಮನೆಯಲ್ಲಿ ಮಾತ್ರ ಬೇರೆಯೇ ಕಥೆ. ಅಮ್ಮನ ಅಕ್ಕ ವೆಂಕಟರತ್ನಮ್ಮ, ಅಂದರೆ ಇಂದ್ರಾಣಿಯ ಪೆದ್ದಮ್ಮ, ಅವಳನ್ನು ಮೂರು ವರ್ಷದ ಮಗುವಿನಿಂದ ಸಾಕಿದವರು. ಐಸಿನ ಸುದ್ದಿ ಕೇಳಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಐಸ್ ನೀರಾಗೆ ಕಾಲಿಕ್ತಾರೇನಮ್ಮಿ ಯಾರಾನ? ಶೀತ ಮೂಳೆಗೆ ಇಳ್ದ್ರೆ ಆಮೇಲೆ ಏನ್ ಮಾಡೋದು?"

ಇಂದ್ರಾಣಿ ನಕ್ಕಳು. ಪೆದ್ದಮ್ಮ ಗೊಣಗುತ್ತಾ ಬಚ್ಚಲೊಲೆಗೆ ಸೌದೆ ಒಡ್ಡಲು ಹೋದರು.

* * *

ಎರಡು ವಾರ ಕಳೆಯಿತು. ವಿಜಯಕುಮಾರ್‌ನ ಹಣೆಯಲ್ಲಿ ಗೆರೆ ಮೂಡಿತು.

ದಿನಾ ಅವನು ಟೇಪಿನಿಂದ ಅವಳ ಪಾದವನ್ನೂ ಕಣಕಾಲನ್ನೂ ಎಂಟರ ಆಕಾರದಲ್ಲಿ ಸುತ್ತಿ ಅಳೆಯುತ್ತಿದ್ದ. ಎಡಗಾಲು ನಲವತ್ತೆಂಟು ಸೆಂಟಿಮೀಟರ್. ಬಲಗಾಲು ಮಧ್ಯಾಹ್ನ ಹೋಗುವಾಗ ನಲವತ್ತೊಂಬತ್ತಕ್ಕೆ ಇಳಿದಿರುತ್ತಿತ್ತು. ಮರುದಿನ ಬೆಳಗ್ಗೆ ಎದ್ದರೆ ಮತ್ತೆ ಊತ. ಐವತ್ತೊಂದು!

ಐಸಿನ ಸುತ್ತು ಹೆಚ್ಚಿಸಿದ. ಊತವೂ ಹೆಚ್ಚಿತು. ವ್ಯಾಯಾಮ ಕಡಿಮೆ ಮಾಡಿದ. ಊತ ಕಡಿಮೆಯಾಗಲಿಲ್ಲ. ಮೆಲ್ಲಗೆ ಓಡಬೇಕಿದ್ದ ಹೊತ್ತಿಗೆ ಅವಳಿನ್ನೂ ಕುಂಟುತ್ತಿದ್ದಳು. ಉಳಿದದ್ದು ಐದೇ ವಾರ.

ಆ ಬುಧವಾರ ಟೇಪು ಸುತ್ತಿ ಮೇಜಿನ ಮೇಲಿಟ್ಟು ಅವನು ಎದುರು ಕುಳಿತ.

"ನೀವು ಕದ್ದು ಓಡ್ತಿದ್ದೀರ."

"ಇಲ್ಲ."

"ಭಯಕ್ಕೆ ಓಡೋರನ್ನ ನಾನು ನೋಡಿದ್ದೀನಿ. ಒಂದು ಸಲ ನಿಜ ಹೇಳಿಬಿಡಿ. ಕಾಲು ಸುಳ್ಳು ಹೇಳಲ್ಲ, ಇಂದ್ರಾಣಿ ಅವರೇ."

ಅವಳ ಮುಖ ಬಿಳಿಚಿಕೊಂಡಿತು. "ಕಾಲು ಹೇಳಲ್ಲ. ಹಾಗಾದ್ರೆ ನಾನು ಹೇಳ್ತೀನಿ ಅಂತ ತಾನೇ?"

ಅವನ ಕಣ್ಣು ಮೇಜಿನ ಮೇಲಿನ ಟೇಪಿನತ್ತ ಹೋಯಿತು. ಅವಳಿಗೆ ಅಷ್ಟೇ ಸಾಕಾಯಿತು. ಒದ್ದೆ ಕಾಲಿನಲ್ಲೇ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು.

ಆಟೋದಲ್ಲಿ ಊರು ತಲುಪುವವರೆಗೂ ಕಣ್ಣು ಒರೆಸಿಕೊಳ್ಳುವುದೇ ಆಯಿತು. ಸುಳ್ಳುಗಾರ್ತಿ... ತನ್ನನ್ನು? ಹಾಲಿನ ವಿಷಯದಲ್ಲಿ ಊರೆಲ್ಲ ಬೈದರೂ ಒಂದು ಸುಳ್ಳು ಆಡದವಳನ್ನು? ಬೇರೆ ಯಾರೇ ಅಂದಿದ್ದರೂ ಜಗಳವಾಡಿ ಮರೆಯುತ್ತಿದ್ದಳು. ಅವನು ಅಂದದ್ದಕ್ಕೆ ಇಷ್ಟು ಸಂಕಟ ಏಕೆ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಗೊತ್ತಿದ್ದದ್ದೇ ಇನ್ನೂ ಸಂಕಟ.

* * *

ಮರುದಿನ ಅವಳು ಹೋಗಲಿಲ್ಲ. ಆದರೆ ಸುಮ್ಮನೆ ಕೂರುವ ಜಾತಿಯಲ್ಲವಲ್ಲ!

'ಓಡ್ತಿಲ್ಲ, ಸರಿ. ಆದರೆ ಊತ ಬರ್ತಿರೋದು ನಿಜ. ಎಲ್ಲಿಂದ ಬರ್ತಿದೆ?'

ಹಾಲು ಯಾವ ಮನೆಯಲ್ಲಿ ಕೆಟ್ಟಿತು ಎಂದು ಹುಡುಕುವಾಗ ಅವಳು ಒಟ್ಟು ಹಾಲನ್ನಲ್ಲ, ಒಂದೊಂದು ಕ್ಯಾನನ್ನೂ ನೋಡುತ್ತಾಳೆ. ಈಗಲೂ ಹಾಗೇ ಮಾಡಿದಳು. ರವಿಕೆ ಹೊಲಿಯುವವಳ ಹತ್ತಿರ ಟೇಪು ಇಸಿದುಕೊಂಡು ಬಂದು, ಐಸನ್ನೂ ವ್ಯಾಯಾಮವನ್ನೂ ಮನೆಯಲ್ಲೇ ಮಾಡಿ, ಮೂರು ಮೂರು ಗಂಟೆಗೆ ಕಾಲು ಅಳೆದು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಮಧ್ಯಾಹ್ನ ನಲವತ್ತೊಂಬತ್ತು. ಸಂಜೆ ಹಾಲು ಅಳೆದು ಬಂದ ಮೇಲೆ ನಲವತ್ತೊಂಬತ್ತೂವರೆ. ಸ್ನಾನವಾದ ಮೇಲೆ... ಐವತ್ತೊಂದು.

ಇಂದ್ರಾಣಿ ಆ ಅಂಕಿಯನ್ನು ದಿಟ್ಟಿಸಿ ನೋಡಿದಳು.

ಶುಕ್ರವಾರವೂ ಅದೇ ಅಂಕಿ. ಶನಿವಾರ ತಲೆನೋವಿನ ನೆಪ ಹೇಳಿ ಸ್ನಾನ ತಪ್ಪಿಸಿದಳು. ಮರುದಿನ ಬೆಳಗ್ಗೆ ಅಳೆದರೆ ನಲವತ್ತೊಂಬತ್ತು!

ಕೊಟ್ಟಿಗೆಯಲ್ಲೇ ಕುಳಿತುಬಿಟ್ಟಳು. ಚಿಕ್ಕಂದಿನಿಂದ ಪೆದ್ದಮ್ಮನೇ ಅವಳಿಗೆ ನೀರು ಹಾಕುವುದು. ಕಾಲು ಉಳುಕಿದ ದಿನದಿಂದ ಹಂಡೆಗೆ ಹುಣಸೆ ಎಲೆ, ಲಕ್ಕಿ ಸೊಪ್ಪು ಬೀಳುತ್ತಿದ್ದವು. ಸುಡುಸುಡು ನೀರನ್ನು ಪಾದಕ್ಕೆ ಹುಯ್ದು, ಹರಳೆಣ್ಣೆ ಹಚ್ಚಿ, ಗಟ್ಟಿಯಾಗಿ ನೀವಿ ಎಳೆಯುತ್ತಿದ್ದರು. ಅದು ಔಷಧಿ ಎಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅದು ಸ್ನಾನ, ಅಷ್ಟೇ. ಅದಕ್ಕೇ ಅವನು ಕೇಳಿದಾಗ 'ಏನೂ ಇಲ್ಲ' ಎಂದಿದ್ದಳು.

ಸುಳ್ಳು ಹೇಳಿರಲಿಲ್ಲ. ಆದರೆ ಹೇಳಿದ್ದು ನಿಜವೂ ಆಗಿರಲಿಲ್ಲ.

* * *

ಅಂದು ಭಾನುವಾರ. ಕ್ಲಿನಿಕ್ಕಿಗೆ ಬೀಗ. ಇನ್ನೊಂದು ದಿನ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಮಾರಿಕುಪ್ಪಂ ರೈಲು ಹತ್ತಿದಳು.

ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಫಿಸಿಯೋ ವಿಜಯಕುಮಾರ್ ಮನೆ ಎಂದು ಕೇಳುತ್ತಾ, ಮೈಸೂರು ಮೈನ್ಸ್ ಕಡೆಯ ತಗ್ಗು ಸೂರಿನ ಮನೆಗಳ ಸಾಲಿನಲ್ಲಿ ಒಂದರ ಮುಂದೆ ನಿಂತಳು. ಬಾಗಿಲು ತೆರೆದವರು ಅವನ ತಂದೆ ಆರುಮುಗಂ. ಚಿನ್ನದ ಗಣಿ ಮುಚ್ಚುವವರೆಗೂ ನೆಲದಡಿ ದುಡಿದವರು. ಬಲಗಾಲನ್ನು ಎಳೆದು ನಡೆಯುತ್ತಿದ್ದರು.

"ಉಕ್ಕಾರಮ್ಮ, ಕೂತ್ಕೊ," ಎಂದು ಎರಡು ಭಾಷೆಯಲ್ಲೂ ಕುರ್ಚಿ ತೋರಿಸಿದರು. ಮಗ ನೀರು ತರಲು ಹೋಗಿದ್ದ. ಅವಳ ಹೆಸರು ಕೇಳಿದ ಕೂಡಲೇ ಅವರ ಮುಖ ಬದಲಾಯಿತು.

"ಓಡೋ ಪೊಣ್ಣು, ಆ ಹುಡುಗಿ ನೀನೇನಾ? ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಅವನು."

ಇಂದ್ರಾಣಿ ತಲೆ ತಗ್ಗಿಸಿದಳು. ಅವನು ತನ್ನನ್ನು ಸುಳ್ಳುಗಾರ್ತಿ ಎಂದುಕೊಂಡಿದ್ದಾನೆ ಎಂದಳು. ಆರುಮುಗಂ ತಮ್ಮ ಬಲಗಾಲನ್ನು ಕೈಯಿಂದ ಎತ್ತಿ ಮುಂದಕ್ಕಿಟ್ಟರು.

"ಇದು ನೋಡಮ್ಮ. ಗಣೀಲಿ ಉಳುಕಿದ್ದು. ಹೇಳಿದ್ರೆ ಕೆಲಸಕ್ಕೆ ಇಳಿಸಲ್ಲ ಅಂತ ಬಟ್ಟೆ ಸುತ್ತಿ ಬೂಟಲ್ಲಿ ಬಿಗಿದು ಇಳಿತಿದ್ದೆ. ಡಾಕ್ಟ್ರು ಕೇಳಿದ್ರೆ ನೋವಿಲ್ಲ ಅಂತಿದ್ದೆ. ನಾಲ್ಕು ತಿಂಗಳು. ಇವನು ಆವಾಗ ಸಣ್ಣವನು, ಸಂಜೆ ಆ ಬಟ್ಟೆ ಬಿಚ್ಚೋನು ಇವನೇ." ಕಾಲನ್ನು ಮತ್ತೆ ಕೈಯಿಂದ ಹಿಂದಕ್ಕೆಳೆದುಕೊಂಡರು. "ಅವನಿಗೆ ನಿನ್ನ ಮೇಲೆ ಅನುಮಾನ ಅಲ್ಲಮ್ಮ. ಅವನು ನೋಡಿ ಬೆಳೆದ ಸುಳ್ಳುಗಾರ ನಾನು."

ಇಂದ್ರಾಣಿಯ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಅಷ್ಟರಲ್ಲಿ ಎರಡು ಕೊಡ ನೀರು ಹಿಡಿದು ವಿಜಯಕುಮಾರ್ ಬಾಗಿಲಲ್ಲಿ ನಿಂತ. ಅವಳನ್ನು ಕಂಡು ಕೊಡ ಇಳಿಸುವುದನ್ನೇ ಮರೆತ. ಮೂರು ದಿನದಿಂದ ಮುಂಜಾನೆಯ ರೈಲಿಗೇ ಹೋಗಿ ಅವಳ ಊರಿನ ಶಾಲೆ ಮೈದಾನದ ಬಳಿ ಕಾದು ನೋಡಿದ್ದ. ಅವಳು ಓಡಲು ಬಂದಿರಲಿಲ್ಲ. ತಪ್ಪು ತನ್ನದೇ ಎಂದು ತಿಳಿದ ಮೇಲೆ ಫೋನು ಮಾಡುವ ಮುಖವಿರಲಿಲ್ಲ. ಇದನ್ನೆಲ್ಲ ಕೊಡ ಹಿಡಿದುಕೊಂಡೇ ಹೇಳಿದ.

ಅವಳು ಅಂಕಿಗಳನ್ನು ಒಪ್ಪಿಸಿದಳು. ಸ್ನಾನಕ್ಕೆ ಮೊದಲು ಇಷ್ಟು, ಆಮೇಲೆ ಇಷ್ಟು. ಹಂಡೆ, ಸೊಪ್ಪು, ಹರಳೆಣ್ಣೆ, ಎಲ್ಲ.

ಅವನ ಕಣ್ಣು ಅರಳಿತು. "ಅಂದ್ರೆ... ನಾನು ಐಸು ಜಾಸ್ತಿ ಮಾಡಿದಾಗೆಲ್ಲ?"

"ಶೀತ ಇಳಿಯುತ್ತೆ ಅಂತ ಪೆದ್ದಮ್ಮ ಇನ್ನೆರಡು ಸೌದೆ ಜಾಸ್ತಿ ಒಡ್ಡಿದ್ದಾರೆ."

ಮೊದಲು ನಕ್ಕಿದ್ದು ಆರುಮುಗಂ. ಆಮೇಲೆ ಮೂವರೂ ನಕ್ಕರು. ನಗು ನಿಂತ ಮೇಲೆ ವಿಜಯಕುಮಾರ್ ಮೆಲ್ಲಗೆ ಹೇಳಿದ.

"ಟೇಪನ್ನ ನಂಬಿದೆ. ನಿಮ್ಮನ್ನ ನಂಬಬೇಕಿತ್ತು."

"ನಾನೂ ಪೂರ್ತಿ ಹೇಳಬೇಕಿತ್ತು," ಎಂದಳು ಇಂದ್ರಾಣಿ.

* * *

ಮರುದಿನ ಸಂಜೆ ಅವನು ಊರಿಗೇ ಬಂದ. ಪೆದ್ದಮ್ಮನಿಗೆ ನೀವು ಮಾಡಿದ್ದು ತಪ್ಪು ಎಂದು ಹೇಳಲಿಲ್ಲ. ಜಗಲಿಯ ಮೇಲೆ ಕುಳಿತು, ಹೇಗೆ ನೀವುತ್ತೀರಿ, ತೋರಿಸಿ ಎಂದು ತನ್ನ ಕಾಲು ಚಾಚಿದ. ಪೆದ್ದಮ್ಮ ತೋರಿಸಿದರು. ಅವನು ಕೂಗಿಕೊಂಡದ್ದು ಪಕ್ಕದ ಮನೆಗೂ ಕೇಳಿಸಿತು.

"ಈ ಕೈ ನನಗೆ ಬೇಕು," ಎಂದ ಕಾಲು ಉಜ್ಜಿಕೊಳ್ಳುತ್ತಾ. ಐಸಿನಲ್ಲಿಟ್ಟು ತೆಗೆದ ಮೇಲೆ ಬಿಗಿದ ಮೀನಖಂಡವನ್ನು ಹಿಗ್ಗಿಸಬೇಕು. ಇಂದ್ರಾಣಿ ಪಾದವನ್ನು ಅವರ ಅಂಗೈಗೆ ಒತ್ತಬೇಕು, ಆರು ಎಣಿಸಿ ಸಡಿಲ ಬಿಡಬೇಕು. ಆಗ ಅವರು ಮೆಲ್ಲಗೆ, ನೋವಾಗದಷ್ಟೇ, ಹಿಂದಕ್ಕೆ ತಳ್ಳಬೇಕು. ಪರೀಕ್ಷೆ ಮುಗಿಯುವ ತನಕ ಆ ಪಾದಕ್ಕೆ ಮಾತ್ರ ಬಿಸಿನೀರು ಬೇಡ.

ಪೆದ್ದಮ್ಮ ಅವನ ಮುಖವನ್ನೇ ನೋಡಿದರು. ನಿಮ್ಮೋರು ಯಾರಪ್ಪ ಎಂದು ಕೇಳಿದರು. ಗಣಿ ಕೆಲಸದ ತಮಿಳರ ಮನೆ ಎಂದ. ಅವರು ಸೆರಗಿಗೆ ಕೈ ಒರೆಸಿಕೊಂಡರು. ಇಂದ್ರಾಣಿ ಬಾಗಿಲ ಹಿಂದಿನಿಂದ ಇಣುಕಿದಳು.

"ಉಡುಗಿ ಕಾಲು ನೆಟ್ಟಗಾದ್ರೆ ಸಾಕು. ಬಿಸಿ ಆಕಲ್ಲ, ಓಗು," ಎಂದು ಎದ್ದು ಕಾಫಿಗೆ ಹೋದರು.

ಅಂದಿನಿಂದ ಇಂದ್ರಾಣಿಯ ಸ್ನಾನ ಒಂದು ಕಾಲನ್ನು ಬಚ್ಚಲಿನಿಂದ ಹೊರಗಿಟ್ಟೇ ನಡೆಯಿತು. ಬೆಳಿಗ್ಗೆ, ಸಂಜೆ ಪೆದ್ದಮ್ಮ "ಒಕಟಿ, ರೆಂಡು, ಮೂಡು" ಎಂದು ತೆಲುಗಿನಲ್ಲಿ ಎಣಿಸುತ್ತಾ ಪಾದ ಹಿಡಿದರು. ಮೂರನೇ ದಿನಕ್ಕೆ ಊತ ಅರ್ಧ ಇಳಿಯಿತು. ಎಂಟನೇ ದಿನಕ್ಕೆ ಎರಡೂ ಕಾಲು ಒಂದೇ ಅಳತೆ.

ಆಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು, ನೇರ ಓಟ, ಎಂಟರ ಆಕಾರದ ಓಟ. ಅವನು ಗಡಿಯಾರ ಹಿಡಿದು ಮೈದಾನದ ಅಂಚಿನಲ್ಲಿ ನಿಲ್ಲುತ್ತಿದ್ದ. ಅವಳ ವೇಗ ಹೆಚ್ಚುತ್ತಾ ಬಂತು. ಅದರ ಜೊತೆಗೇ ಒಂದು ಬೇಡದ ಯೋಚನೆಯೂ ಅವಳಲ್ಲಿ ಬೆಳೆಯುತ್ತಾ ಬಂತು... ಕಾಲು ವಾಸಿಯಾದರೆ ಇನ್ನು ಯಾವ ನೆಪದಲ್ಲಿ ಆ ಮಹಡಿ ಹತ್ತುವುದು?

ಪರೀಕ್ಷೆಗೆ ನಾಲ್ಕು ದಿನವಿರುವಾಗ ಅವನು ಕೊನೆಯ ಸಲ ಪಾದ ತಿರುಗಿಸಿ ನೋಡಿದ.

"ಮುಗೀತು. ನಾಳೆಯಿಂದ ನೀವು ಬರಬೇಕಾಗಿಲ್ಲ."

ಅವಳು ಕಾದಳು. ಅವನು ಟೇಪನ್ನು ಡ್ರಾಯರಿಗೆ ಹಾಕಿದ.

'ವಾಸಿಯಾಗಲಿ ಅಂತ ದೇವರಿಗೆ ಕೈ ಮುಗಿದವಳೂ ನೀನೇ. ಈಗ ಅಳು ಯಾಕೆ?' ಎಂದು ತನ್ನನ್ನು ತಾನೇ ಗದರಿಸಿಕೊಂಡು ಮೆಟ್ಟಿಲಿಳಿದಳು.

* * *

ರೈಲ್ವೆ ಮೈದಾನ. ಬೆಳಗಿನ ಎಳೆಬಿಸಿಲು. ಒಳಗೆ ಅಭ್ಯರ್ಥಿಗಳಿಗೆ ಮಾತ್ರ ಪ್ರವೇಶ.

ಇಪ್ಪತ್ತು ಕಿಲೋದ ಮರಳಿನ ಚೀಲವನ್ನು ಇಂದ್ರಾಣಿ ಹೆಗಲಿಗೇರಿಸಿಕೊಂಡು ನೂರು ಮೀಟರನ್ನು ಸಲೀಸಾಗಿ ದಾಟಿದಳು.

ಆಮೇಲೆ ಓಟ. ಎರಡೂವರೆ ಸುತ್ತು. ಮೊದಲ ಸುತ್ತು ಹಗುರ. ಎರಡನೆಯದರಲ್ಲಿ ಪಕ್ಕದ ಹುಡುಗಿ ತಾಗಿದಳು, ಬಲಪಾದ ಓರೆಯಾಗಿ ಬಿತ್ತು. ಜೀವ ಬಾಯಿಗೆ ಬಂತು. ಆದರೆ ಪಾದ ತಾನಾಗಿಯೇ ಸರಿಮಾಡಿಕೊಂಡು ಮುಂದಿನ ಹೆಜ್ಜೆಯನ್ನು ಗಟ್ಟಿಯಾಗಿ ಊರಿತು. ಮನಸ್ಸಿನೊಳಗೆ ತೆಲುಗಿನ ಎಣಿಕೆ ನಡೆದೇ ಇತ್ತು. ಕೊನೆಯ ಅರ್ಧ ಸುತ್ತನ್ನು ಅವಳು ಹೇಗೆ ಓಡಿದಳೋ ಅವಳಿಗೇ ತಿಳಿಯದು.

ಐದು ನಿಮಿಷ ಮೂವತ್ತೊಂದು ಸೆಕೆಂಡು!

ಗೇಟಿನ ಹೊರಗೆ ಪೆದ್ದಮ್ಮ ನಿಂತಿದ್ದರು. ಅವರ ಪಕ್ಕದಲ್ಲಿ ವಿಜಯಕುಮಾರ್. ಪೆದ್ದಮ್ಮನೇ ಫೋನು ಮಾಡಿ ಕರೆಸಿದ್ದರು. ಸಮಯ ಕೇಳಿದ ಪೆದ್ದಮ್ಮ ಅವಳ ಕೆನ್ನೆ ಸವರಿ, ಕಣ್ಣೊರೆಸಿಕೊಂಡು, ಎಳನೀರು ತರುತ್ತೇನೆಂದು ರಸ್ತೆ ದಾಟಿದರು. ಎಳನೀರಿನವನೊಬ್ಬ ಈ ಬದಿಯಲ್ಲೂ ಇದ್ದ ಎಂಬುದು ಬೇರೆ ಮಾತು.

"ನೀವು ಯಾಕೆ ಬಂದ್ರಿ? ನನ್ನ ಟ್ರೀಟ್‌ಮೆಂಟ್ ಮುಗೀತಲ್ಲ," ಎಂದಳು ಇಂದ್ರಾಣಿ. ಕೋಪ ತೋರಿಸಬೇಕೆಂದಿದ್ದಳು, ದನಿ ಒಡೆಯಿತು.

"ಮಂಡಿನೋವಿನ ಅಜ್ಜಿಯೊಬ್ಬರು ಹನ್ನೊಂದು ಗಂಟೆ ಸಮಯ ಕೊಡು ಅಂತ ಮೂರು ದಿನದಿಂದ ಕೇಳ್ತಿದ್ದಾರೆ. ಬೇರೆಯವರಿಗೆ ಕೊಟ್ಟಾಗಿದೆ ಅಂತಿದ್ದೀನಿ. ಬರೋರು ಯಾರೂ ಇಲ್ಲ, ಆದ್ರೂ ಬಾಗಿಲು ನೋಡ್ತಾ ಕೂರ್ತೀನಿ."

"ಬರಬೇಡಿ ಅಂದಿದ್ದು ನೀವೇ."

"ಓಟಕ್ಕೆ ಮುಂಚೆ ನಿಮ್ಮ ಮನಸ್ಸಿಗೆ ಇನ್ನೊಂದು ಭಾರ ಬೇಡ ಅಂತ." ಅವನು ಉಸಿರೆಳೆದುಕೊಂಡ. "ಈಗ ಹೇಳ್ತೀನಿ. ನನಗೆ ನೀವು ಬೇಕು, ಇಂದ್ರಾಣಿ. ನಿಮ್ಮ ಕಾಲು ವಾಸಿಯಾದ್ರೂ ನೀವು ಬರಬೇಕು."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಏಳು ವಾರದಿಂದ ಒಂದು ಕಾಲಿನ ನೆಪದಲ್ಲಿ ಬಚ್ಚಿಟ್ಟಿದ್ದನ್ನು ಇನ್ನು ಬಚ್ಚಿಡಬೇಕಾಗಿರಲಿಲ್ಲ.

"ನಾನು ಬರಲ್ಲ," ಎಂದಳು.

ಅವನ ಮುಖ ಇಳಿಯಿತು.

"ನಾಳೆ ನೀವು ನಮ್ಮನೆಗೆ ಬನ್ನಿ. ನಿಮ್ಮಪ್ಪನ್ನೂ ಕರ್ಕೊಂಡು ಬನ್ನಿ. ಕೇಳೋರು ಬಂದು ಕೇಳಬೇಕಲ್ವಾ?"

ಅವನು ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಪೆದ್ದಮ್ಮ ಒಪ್ಪದಿದ್ರೆ?"

ರಸ್ತೆಯ ಆಚೆ ಪೆದ್ದಮ್ಮ ಮೂರು ಎಳನೀರು ಕೊಚ್ಚಿಸುತ್ತಾ ಇತ್ತ ಕಡೆ ಒಂದು ಸಲವೂ ತಿರುಗದೆ ನಿಂತಿದ್ದರು.

"ಒಪ್ಪದೆ ಇದ್ದಿದ್ರೆ ಅವರು ನಿಮ್ಮನ್ನ ಇಲ್ಲಿಗೆ ಕರೀತಿರಲಿಲ್ಲ," ಎಂದಳು ಇಂದ್ರಾಣಿ. "ಎಷ್ಟು ಹೊತ್ತಿಗೆ ಬರ್ತೀರಾ?"

"ಮೊದಲನೇ ರೈಲಿಗೆ."